ದುಬೈಗಿಂತ ದೂರದ ಮೋಡೆಮ್

ನಂಬ್ತೀರಾ ಮಾರಾಯ್ರೆ! ಡಯಲ್-ಅಪ್ ಕಾಲದಲ್ಲಿ ಮಂಗಳೂರಿನ ಹಂಪನಕಟ್ಟೆಯ ಸೈಬರ್ ಕೆಫೆಯ ಮೇಜಿನ ಮೇಲೆ ದೀಪ ಮಿಟುಕಿಸುತ್ತ ಕೂತಿದ್ದ ಮೋಡೆಮ್ ಪೆಟ್ಟಿಗೆ, ಬೆಳಕಿನ ಲೆಕ್ಕದಲ್ಲಿ ದುಬೈಗಿಂತ ದೂರ!

ಫೈಬರ್ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಮಂಗಳೂರಿಂದ ದುಬೈ ನೇರ ಹಾದಿಯಲ್ಲಿ ಹೆಚ್ಚುಕಡಿಮೆ 2,500 ಕಿ.ಮೀ. ಹೋಗಿ ಬರಲು 25 ಮಿಲಿಸೆಕೆಂಡು ಸಾಕು. ಆದರೆ ಕೆಫೆಯ ಮೋಡೆಮಿಂದ ಇಂಟರ್ನೆಟ್ ಕೊಡುವವರ ಮೋಡೆಮಿಗೆ ಹೋಗಿ ಬರಲಿಕ್ಕೇ 100 ಮಿಲಿಸೆಕೆಂಡು ದಾಟುತ್ತಿತ್ತು. ಅಷ್ಟರಲ್ಲಿ ಫೈಬರಿನ ಬೆಳಕು ಅರ್ಧ ಭೂಮಿ ಸುತ್ತಿರುತ್ತದೆ!

ಎಂತ ಮಾಡುತ್ತಿತ್ತು ಅದು ಅಷ್ಟು ಹೊತ್ತು? ಸೆಕೆಂಡಿಗೆ 33,600 ಬಿಟ್ ವೇಗದಲ್ಲಿ ಹತ್ತು ಇಂಗ್ಲಿಷ್ ಅಕ್ಷರಕ್ಕೆ ಎರಡೂವರೆ ಮಿಲಿಸೆಕೆಂಡೂ ಬೇಡ. ಮೋಡೆಮಿಗೆ ಆ ಅವಸರವೇ ಇಲ್ಲ. ಇನ್ನೂ ನಾಲ್ಕಕ್ಷರ ಬಂದೀತೇ ಎಂದು ಕಾಯುತ್ತದೆ, ಹಿಂಡುತ್ತದೆ, ಕಟ್ಟು ಕಟ್ಟಿ ತಪ್ಪು ಹಿಡಿಯುವ ಅಂಕಿ ಸೇರಿಸುತ್ತದೆ, ಕೊನೆಗೆ ಮಾತಿಗೆಂದೇ ಮಾಡಿದ ಫೋನ್ ತಂತಿಯ 300ರಿಂದ 3,400 ಹರ್ಟ್ಸ್‌ನ ಇಕ್ಕಟ್ಟಿನೊಳಗೆ ಎಲ್ಲವನ್ನೂ ಸದ್ದಾಗಿಸಿ ತೂರಿಸುತ್ತದೆ. ಆಚೆ ತುದಿಯಲ್ಲಿ ಇಷ್ಟನ್ನೂ ಬಿಚ್ಚಬೇಕು.

ಆ ಹಿಂಡುವ ವಿದ್ಯೆಯೋ, ಅದ್ಭುತ! ಇಸ್ರೇಲಿನ ಜೇಕಬ್ ಜಿವ್ ಮತ್ತು ಅಬ್ರಹಾಂ ಲೆಂಪೆಲ್ 1978ರಲ್ಲಿ ಕೊಟ್ಟ ಉಪಾಯವೇ 1990ರಲ್ಲಿ ವಿ.42ಬಿಸ್ ಎಂಬ ಹೆಸರಲ್ಲಿ ಮೋಡೆಮಿನೊಳಗೆ ಬಂತು. ಹಿಂದೆ ಮದುವೆ ಮನೆಗೆ ಟೆಲಿಗ್ರಾಂ ಮಾಡುವಾಗ ಒಂದು ನಂಬರ್ ಬರೆದರೆ ಇಡೀ ಶುಭಾಶಯ ವಾಕ್ಯವೇ ತಲುಪುತ್ತಿತ್ತಲ್ಲ, ಹಾಗೆಯೇ ಮತ್ತೆ ಮತ್ತೆ ಬರುವ ಅಕ್ಷರಗುಚ್ಛಕ್ಕೆ ಇಲ್ಲೊಂದು ನಂಬರ್. ಟೆಲಿಗ್ರಾಂನ ಪಟ್ಟಿ ಮೊದಲೇ ಅಚ್ಚಾಗಿತ್ತು. ಮೋಡೆಮಿನ ಪಟ್ಟಿಯನ್ನು ಮಾತ್ರ ಯಾರೂ ಯಾರಿಗೂ ಕಳಿಸುವುದೇ ಇಲ್ಲ! ಬಂದ ಅಕ್ಷರಗಳನ್ನೇ ನೋಡಿ ಎರಡೂ ತುದಿಗಳು ತಮ್ಮಷ್ಟಕ್ಕೆ ಅದೇ ಪಟ್ಟಿ ಬೆಳೆಸುತ್ತ ಹೋಗುತ್ತವೆ.

ಈ ಹಿಂಡಾಟಕ್ಕೆ ಕನ್ನಡದಂಥ ಹಬ್ಬದೂಟ ಸಿಗುವುದು ಕಷ್ಟ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾದಾಗ ಎಷ್ಟೋ ಮನೆಗಳಲ್ಲಿ ಇದ್ದದ್ದು ಡಯಲ್-ಅಪ್ಪೇ. ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ‘ಮಂಗಳೂರು’ ಎಂದು ಬರೆದರೆ 21 ಬೈಟ್, ಮೂರು ಮೂರರ ಏಳು ತುಂಡು. ಪ್ರತಿ ತುಂಡಿನ ಮೊದಲ ಬೈಟ್ ಯಾವತ್ತೂ ಒಂದೇ; ಎರಡನೆಯದಕ್ಕೆ ಇರುವುದು ಎರಡೇ ಆಯ್ಕೆ. ಹೊಸ ಸುದ್ದಿ ಹೆಚ್ಚಾಗಿ ಮೂರನೆಯದರಲ್ಲಿ ಮಾತ್ರ!

ಗಲ್ಫಿನಿಂದ ಬಂದ ಮಗುವಿನ ಫೋಟೋಕ್ಕೆ ಈ ಯೋಗವಿಲ್ಲ. ಜೆಪೆಗ್ ಚಿತ್ರ ಮೊದಲೇ ಹಿಂಡಿದ್ದು, ಮತ್ತೆ ಹಿಂಡಿದರೆ ಏನೂ ಇಳಿಯದು. 100 ಕೆಬಿ ಚಿತ್ರಕ್ಕೆ ಪೂರ್ತಿ ವೇಗದಲ್ಲೂ 24 ಸೆಕೆಂಡು. ಪುಟದ ತುಂಬ ಪುಟ್ಟ ಪುಟ್ಟ ಚಿತ್ರಗಳಿದ್ದರೆ ಹಿಂಡಾಟವೇ ಸೋಲುತ್ತಿತ್ತು. ಗಾತ್ರ ಸಾಸಿವೆಯಷ್ಟಾದರೂ ಪ್ರತಿ ಕೋರಿಕೆಗೂ ಮತ್ತೆ ಆ 100 ಮಿಲಿಸೆಕೆಂಡಿನ ಸುಂಕ. ಬಲ್ಲವರು ಬ್ರೌಸರಿನಲ್ಲಿ ಚಿತ್ರಗಳನ್ನೇ ಬಂದ್ ಮಾಡಿ ಓದುತ್ತಿದ್ದರು.