ಜೀವಕೋಶದ ಪಹಣಿಯಲ್ಲಿ ವೈರಸ್ಸಿನ ಹೆಸರು

ಸರ್ಪಸುತ್ತು ಎದ್ದರೆ ನಮ್ಮ ಕಡೆ ಮೊದಲು ನೆನಪಾಗುವುದು ಕೆಮ್ಮಣ್ಣು, ಆಮೇಲೆ ಮಂತ್ರ ಹಾಕುವವರು. ಸುತ್ತು ಪೂರ್ತಿಯಾಗಿ ತಲೆ ಬಾಲ ಸೇರಿಬಿಟ್ಟರೆ ಜೀವಕ್ಕೇ ಸಂಚಕಾರ ಎಂಬ ಹೆದರಿಕೆ ಗುಬ್ಬಿ, ಕುಣಿಗಲ್ಲಿನ ಹಳ್ಳಿಗಳಲ್ಲೂ ಇದೆ, ತುಮಕೂರಿನ ಹೊಸ ಬಡಾವಣೆಗಳಲ್ಲೂ ಇದೆ. ಅಸಲಿಗೆ ಅಲ್ಲಿ ಹಾವೂ ಇಲ್ಲ, ದೋಷವೂ ಇಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದು ವಾಸಿಯಾದಾಗ ಅದರ ವೈರಸ್ ಮೈ ಬಿಟ್ಟು ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಸುಮ್ಮನೆ ಉಳಿದುಕೊಂಡಿರುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಯಾವುದೋ ಒಂದು ನರದ ಗುಂಟ ಚರ್ಮಕ್ಕೆ ಬಂದು ಗುಳ್ಳೆ ಎಬ್ಬಿಸುತ್ತದೆ. ಹಾಗಾಗಿ ಎಪ್ಪತ್ತರ ಅಜ್ಜಿಗೆ ಸರ್ಪಸುತ್ತು ಬಂದರೆ ವೈದ್ಯರಿಗೆ ಆಶ್ಚರ್ಯವಿಲ್ಲ. ಮೂವತ್ತರ ಗಟ್ಟಿಮುಟ್ಟಾದ ಆಳಿಗೆ ಬಂದರೆ, ಅದರಲ್ಲೂ ಮತ್ತೆ ಮತ್ತೆ ಬಂದರೆ, ಅವರು ಒಂದು ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಅದು ಎಚ್‌ಐವಿ ಪರೀಕ್ಷೆ.

ಸರ್ಪಸುತ್ತು ತರುವುದು ಎಚ್‌ಐವಿ ಅಲ್ಲ. ಎಚ್‌ಐವಿ ನೇರವಾಗಿ ತರುವ ಕಾಯಿಲೆಗಳು ಕಡಿಮೆಯೇ. ಅದು ಮಾಡುವುದು ಬೇರೆ ಕೆಲಸ: ಈಗಾಗಲೇ ಮೈಯಲ್ಲಿ ತೆಪ್ಪಗೆ ಬಿದ್ದಿರುವ, ಅಥವಾ ದಿನವೂ ಉಸಿರಿನಲ್ಲಿ ಒಳಗೆ ಬಂದು ಸಾಯುವ ಸಣ್ಣಪುಟ್ಟ ರೋಗಾಣುಗಳನ್ನು ತಡೆಯುತ್ತಿದ್ದ ಕಣಗಳನ್ನು ಒಂದೊಂದಾಗಿ ಇಲ್ಲವಾಗಿಸುವುದು. ಇದನ್ನು ಅರ್ಥ ಮಾಡಿಕೊಂಡರೆ ಎಚ್‌ಐವಿಗೂ ಏಡ್ಸ್‌ಗೂ ಇರುವ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಮೊದಲನೆಯದು ವೈರಸ್. ಎರಡನೆಯದು, ಆ ವೈರಸ್‌ಗೆ ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಬಿಟ್ಟಾಗ ದೇಹ ತಲುಪುವ ಸ್ಥಿತಿ. ‘ಏಡ್ಸ್ ಬಂದಿದೆಯಂತೆ’ ಎಂದು ಪಿಸುಗುಟ್ಟುವ ಊರಿನವರಿಗೆ ಈ ನಡುವಿನ ವರ್ಷಗಳ ಲೆಕ್ಕ ಗೊತ್ತಿರುವುದಿಲ್ಲ. ಇಡೀ ಕಥೆ ಇರುವುದೇ ಆ ವರ್ಷಗಳಲ್ಲಿ.

ವೈರಸ್ಸಿನ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು. ಒಳಗಿರುವ ಆರ್‌ಎನ್‌ಎ ಎಳೆಯ ಉದ್ದ ಸುಮಾರು 9,700 ಅಕ್ಷರ. ಅದರಲ್ಲಿ ಒಂಬತ್ತೇ ಜೀನ್‌ಗಳು; ಮನುಷ್ಯನಲ್ಲಿ ಸುಮಾರು 20,000 ಇವೆ. ಇಷ್ಟು ಕಡಿಮೆ ಬಂಡವಾಳದ ವೈರಸ್ ಸ್ವಂತವಾಗಿ ಏನನ್ನೂ ಮಾಡಲಾರದು. ಅದಕ್ಕೊಂದು ಜೀವಕೋಶ ಬೇಕು, ಅದೂ ನಿರ್ದಿಷ್ಟ ಜಾತಿಯದೇ ಆಗಬೇಕು. ನಮ್ಮ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವುಗಳ ಮೈಮೇಲೆ ಸಿಡಿ4 ಎಂಬ ಪ್ರೋಟೀನ್ ಇರುತ್ತದೆ. ಯಾವ ರೋಗಾಣು ಬಂದಿದೆ, ಯಾರು ಪ್ರತಿಕಾಯ ತಯಾರಿಸಬೇಕು, ಸೋಂಕಾದ ಕೋಶವನ್ನು ಯಾರು ಕೊಲ್ಲಬೇಕು ಎಂದು ಉಳಿದ ಕಣಗಳಿಗೆ ಸೂಚನೆ ಕೊಡುವವು ಇವೇ. ಎಚ್‌ಐವಿಯ ಹೊರಮೈಯಲ್ಲಿರುವ ಜಿಪಿ120 ಎಂಬ ಮೊನೆ ಮೊದಲು ಸಿಡಿ4ಗೆ ಅಂಟುತ್ತದೆ, ನಂತರ ಪಕ್ಕದ ಸಿಸಿಆರ್5 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತದೆ. ಎರಡೂ ಸಿಕ್ಕರೆ ವೈರಸ್ಸಿನ ಪೊರೆ ಕೋಶದ ಪೊರೆಯೊಡನೆ ಬೆರೆತು ಒಳಗಿನ ಸರಕು ಕೋಶಕ್ಕೆ ಇಳಿಯುತ್ತದೆ. ಸೂಚನೆ ಕೊಡುವ ಕಣವೇ ಗುರಿ. ಇನ್ಯಾವುದೋ ಕೋಶವನ್ನು ಹಿಡಿದಿದ್ದರೆ ಎಚ್‌ಐವಿ ಇಷ್ಟು ದೊಡ್ಡ ಕೇಡಾಗುತ್ತಿರಲಿಲ್ಲ.

ಒಳಗೆ ಇಳಿದ ಮೇಲೆ ನಡೆಯುವುದು ತಲೆಕೆಳಗಾದ ವ್ಯವಹಾರ. ಜೀವಕೋಶಗಳಲ್ಲಿ ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯುವುದು ವಾಡಿಕೆ. ಎಚ್‌ಐವಿ ತನ್ನೊಡನೆ ತಂದ ಕಿಣ್ವವೊಂದರಿಂದ ಆರ್‌ಎನ್‌ಎ ನೋಡಿ ಡಿಎನ್‌ಎ ಬರೆಸುತ್ತದೆ. ಆ ಕಿಣ್ವದ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಇದು ಬರೆಯುವಾಗ ವಿಪರೀತ ತಪ್ಪು ಮಾಡುತ್ತದೆ, ತಿದ್ದುವುದಿಲ್ಲ. ಒಬ್ಬರೇ ಸೋಂಕಿತರ ದೇಹದಲ್ಲಿ ವೈರಸ್ಸಿನ ಸಾವಿರಾರು ಭಿನ್ನ ರೂಪಗಳು ಹುಟ್ಟಿಕೊಳ್ಳುವುದು ಹೀಗೆ. ಲಸಿಕೆ ಇನ್ನೂ ಕೈಗೆ ಸಿಗದಿರುವುದಕ್ಕೆ ಇದೊಂದು ದೊಡ್ಡ ಕಾರಣ. ತಯಾರಾದ ಡಿಎನ್‌ಎಯನ್ನು ಇಂಟಿಗ್ರೇಸ್ ಎಂಬ ಇನ್ನೊಂದು ಕಿಣ್ವ ಒಯ್ದು ಕೋಶದ ಸ್ವಂತ ಡಿಎನ್‌ಎಯೊಳಗೆ ಹೊಲಿದುಬಿಡುತ್ತದೆ. ಬೇರೆಯವರ ಜಮೀನಿನ ಪಹಣಿಯಲ್ಲಿ ಸದ್ದಿಲ್ಲದೆ ಹೆಸರು ಸೇರಿಸಿಕೊಂಡ ಹಾಗೆ. ಬೇಲಿ ಮುರಿದವನನ್ನು ಓಡಿಸಬಹುದು. ಪಹಣಿಗೆ ಹತ್ತಿದ ಹೆಸರನ್ನು ತೆಗೆಸುವುದು ಎಂಥ ಪಡಿಪಾಟಲೆಂದು ತಾಲ್ಲೂಕು ಕಚೇರಿ ಹತ್ತಿ ಇಳಿದವರಿಗೆ ಗೊತ್ತು. ಆಮೇಲೆ ಕೋಶ ತನ್ನದೇ ಕೆಲಸ ಎಂದುಕೊಂಡು ವೈರಸ್ಸಿನ ಭಾಗಗಳನ್ನು ತಯಾರಿಸುತ್ತ ಹೋಗುತ್ತದೆ. ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್‌ಗಳು ಹುಟ್ಟುತ್ತವೆ ಎಂಬುದು 1990ರ ದಶಕದ ಮಧ್ಯಭಾಗದಲ್ಲಿ ಸಿಕ್ಕ ಲೆಕ್ಕ.

ಇಷ್ಟೆಲ್ಲ ಒಳಗೆ ನಡೆಯುವಾಗ ಹೊರಗೆ ಕಾಣುವುದೇನು? ಸೋಂಕು ತಗುಲಿದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ಕೆಂಪು ದದ್ದು, ಕುತ್ತಿಗೆಯ ಗಂಟು. ಪ್ಯಾರಾಸಿಟಮಾಲ್ ನುಂಗಿ ಮರೆಯುವಂಥ ಜ್ವರ. ಎಷ್ಟೋ ಜನಕ್ಕೆ ಅದೂ ಇಲ್ಲ. ಆ ವಾರಗಳಲ್ಲಿ ಕರುಳಿನ ಒಳಪದರದಲ್ಲಿರುವ ಸಿಡಿ4 ಕಣಗಳು ಭಾರಿ ಸಂಖ್ಯೆಯಲ್ಲಿ ನಾಶವಾಗುತ್ತವೆ. ನಂತರ ದೇಹ ಒಂದು ಮಟ್ಟಿಗೆ ಹಿಡಿತ ಸಾಧಿಸಿ ವೈರಸ್ಸಿನ ಪ್ರಮಾಣ ಇಳಿಯುತ್ತದೆ, ವ್ಯಕ್ತಿ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ತೋಟಕ್ಕೆ ಹೋಗುತ್ತಾರೆ, ವಸಂತನರಸಾಪುರದ ಕಾರ್ಖಾನೆಗೆ ಪಾಳಿಗೆ ಹೋಗುತ್ತಾರೆ, ಮದುವೆಯಾಗುತ್ತಾರೆ. ಈ ಸದ್ದಿಲ್ಲದ ಕಾಲ ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ರಿಂದ 1,500 ಇರುವ ಸಿಡಿ4 ಕೌಂಟ್ ವರ್ಷ ವರ್ಷ ಕರಗುತ್ತ 200ಕ್ಕಿಂತ ಕೆಳಗಿಳಿದರೆ ಅದನ್ನು ಏಡ್ಸ್ ಎನ್ನುತ್ತಾರೆ. ಬಾಯಲ್ಲಿ ಬಿಳಿ ಬೂಷ್ಟು, ನಿಲ್ಲದ ಭೇದಿ, ಒಂದು ಬಗೆಯ ನ್ಯುಮೋನಿಯಾ, ಮಿದುಳಿನ ಪೊರೆಗೆ ಹತ್ತುವ ಕ್ರಿಪ್ಟೋಕಾಕಸ್ ಶಿಲೀಂಧ್ರ. ಗಟ್ಟಿ ದೇಹದಲ್ಲಿ ಹತ್ತಿರ ಸುಳಿಯಲಾರದವೆಲ್ಲ ಆಗ ಬರುತ್ತವೆ.

ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಟಿಬಿ. ಅಸಂಖ್ಯ ಭಾರತೀಯರ ಶ್ವಾಸಕೋಶದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಮಲಗಿದ ಸ್ಥಿತಿಯಲ್ಲಿದೆ. ಎಚ್‌ಐವಿ ಇಲ್ಲದವರಲ್ಲಿ ಅದು ಏಳುವ ಸಂಭವ ಜೀವಮಾನ ಪೂರ್ತಿ ಸೇರಿಸಿ ಶೇ 5ರಿಂದ 10. ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದವರಲ್ಲಿ ಹೆಚ್ಚುಕಡಿಮೆ ಅಷ್ಟು ಸಂಭವ ಪ್ರತಿ ವರ್ಷವೂ ಇರುತ್ತದೆ. ಅದಕ್ಕೇ ಎಚ್‌ಐವಿಗೆ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಹೋದಾಗಲೆಲ್ಲ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಎಂಬ ನಾಲ್ಕು ಪ್ರಶ್ನೆ ಕೇಳುವುದು. ಟಿಬಿ ಎಂದು ಗೊತ್ತಾದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಮಾಡುವುದು.

ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನುಸಿ, ಲ್ಯೂಕ್ ಮೊಂಟಾನಿಯೇ ಮತ್ತು ಸಂಗಡಿಗರು ಈ ವೈರಸ್ಸನ್ನು ಗುರುತಿಸಿದ್ದು 1983ರಲ್ಲಿ. ಭಾರತದಲ್ಲಿ ಅದು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಸುನೀತಿ ಸೋಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ವಿದ್ಯಾರ್ಥಿನಿ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ. ಮುಂದೆ ಗರ್ಭಿಣಿಯರಲ್ಲಿ ಶೇ 1ಕ್ಕಿಂತ ಹೆಚ್ಚು ಸೋಂಕು ಕಂಡ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಸೇರಿತು. ಆ ಪ್ರಮಾಣ ಈಗ ಅರ್ಧಕ್ಕೂ ಕೆಳಗಿಳಿದಿದೆ. ಆದರೂ ಸೋಂಕಿತರ ಒಟ್ಟು ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರದ ಬೆನ್ನಿಗೇ ನಮ್ಮ ರಾಜ್ಯವಿದೆ. ಹೆಚ್ಚಿನ ಹೊರೆ ಬಾಗಲಕೋಟೆ, ಬೆಳಗಾವಿ ಕಡೆಯದು. ತುಮಕೂರಿನ ಮಾತು ಬಂದಾಗ ಜನ ಹೆದ್ದಾರಿ ತೋರಿಸುತ್ತಾರೆ: ಪುಣೆಯ ರಸ್ತೆ ನಗರವನ್ನೇ ಸವರಿಕೊಂಡು ಹೋಗುತ್ತದೆ, ಶಿವಮೊಗ್ಗದ ರಸ್ತೆ ಗುಬ್ಬಿಯ ಮೇಲೆ, ಮಂಗಳೂರಿನ ರಸ್ತೆ ಕುಣಿಗಲ್ ಮೇಲೆ. ಲಾರಿ ಚಾಲಕರ ನಡುವೆ ತಡೆ ಕಾರ್ಯಕ್ರಮ ನಡೆದದ್ದಕ್ಕೆ ಕಾರಣವಿತ್ತು. ಆದರೆ ‘ಅದು ಲಾರಿಯವರ ಕಾಯಿಲೆ’ ಎಂಬ ಮಾತು ಮಾಡಿದ ಹಾನಿಯೂ ಸಣ್ಣದಲ್ಲ. ಮನೆ ಬಿಟ್ಟು ಆಚೆ ಹೋಗದ ಎಷ್ಟೋ ಹೆಣ್ಣುಮಕ್ಕಳಿಗೆ ಸೋಂಕು ಗಂಡನಿಂದ ಬಂದಿದೆ. ‘ನಮಗ್ಯಾಕೆ ಪರೀಕ್ಷೆ’ ಎಂದು ಸುಮ್ಮನಿದ್ದದ್ದರಿಂದ ಅದು ತಡವಾಗಿ ತಿಳಿದಿದೆ.

ಪರೀಕ್ಷೆ ಎಂದರೆ ಎಷ್ಟು ಹೊತ್ತಿನ ಕೆಲಸ? ತಾಲ್ಲೂಕು ಆಸ್ಪತ್ರೆಯಲ್ಲಿ ‘ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ’ ಎಂಬ ಬೋರ್ಡ್ ಇರುತ್ತದೆ. ಎಲ್ಲರ ಬಾಯಲ್ಲಿ ಅದು ಐಸಿಟಿಸಿ. ಮೊದಲು ಆಪ್ತ ಸಮಾಲೋಚಕರು ಕೂರಿಸಿ ಮಾತಾಡುತ್ತಾರೆ, ಒಪ್ಪಿಗೆ ಕೇಳುತ್ತಾರೆ. ತೆಗೆದ ರಕ್ತದಲ್ಲಿ ಒಂದೆರಡು ಹನಿಯನ್ನು ಬೆರಳುದ್ದದ ಪ್ಲಾಸ್ಟಿಕ್ ಕಿಟ್‌ನ ಕುಳಿಗೆ ಬಿಟ್ಟು, ಮೇಲೆ ದ್ರಾವಣ ಹಾಕುತ್ತಾರೆ. ದ್ರವ ಬಿಳಿ ಪಟ್ಟಿಯ ಮೇಲೆ ನಿಧಾನಕ್ಕೆ ಹರಿಯುತ್ತದೆ. ಪಟ್ಟಿಯ ಒಂದು ಗೆರೆಯಲ್ಲಿ ಎಚ್‌ಐವಿಯ ಪ್ರೋಟೀನನ್ನು ಮೊದಲೇ ಅಂಟಿಸಿಟ್ಟಿರುತ್ತಾರೆ. ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯ ಇದ್ದರೆ ಅಲ್ಲಿ ಸಿಕ್ಕಿಕೊಂಡು ಬಣ್ಣ ಮೂಡುತ್ತದೆ. ಇನ್ನೊಂದು ಗೆರೆ ಕಿಟ್ ಸರಿಯಾಗಿದೆ ಎಂದು ಹೇಳಲಿಕ್ಕೆ. ಅದು ಎಲ್ಲರಿಗೂ ಮೂಡಲೇಬೇಕು. ಇಪ್ಪತ್ತು ನಿಮಿಷ ಸಾಕು. ಒಂದು ಕಿಟ್ ನೋಡಿ ಯಾರನ್ನೂ ಪಾಸಿಟಿವ್ ಎನ್ನುವುದಿಲ್ಲ. ಬೇರೆ ಬೇರೆ ಬಗೆಯ ಮೂರು ಕಿಟ್‌ಗಳೂ ಅದನ್ನೇ ಹೇಳಬೇಕು. ಸೋಂಕು ತಗುಲಿದ ಮೊದಲ ಕೆಲವು ವಾರ ಪ್ರತಿಕಾಯ ಹುಟ್ಟಿರುವುದಿಲ್ಲ. ಹಾಗಾಗಿ ಅನುಮಾನ ಇದ್ದವರು ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.

ಪಾಸಿಟಿವ್ ಎಂದು ಗೊತ್ತಾದವರಿಗೆ ಸಿಡಿ4 ಇಳಿಯಲಿ ಎಂದು ಕಾಯುವ ಪದ್ಧತಿ ಹಿಂದೆ ಇತ್ತು. 2017ರಿಂದ ಭಾರತದಲ್ಲಿ ಕೌಂಟ್ ಎಷ್ಟೇ ಇರಲಿ, ತಡಮಾಡದೆ ಗುಳಿಗೆ ಶುರು. ಮೊದಲ ಔಷಧ ಜಿಡೊವುಡಿನ್ 1987ರಲ್ಲೇ ಬಂದಿತ್ತು. ಆದರೆ ಒಂದೇ ಔಷಧವನ್ನು ತಪ್ಪುಗಳ ಸರದಾರ ವೈರಸ್ ಬೇಗನೆ ದಾಟಿಕೊಳ್ಳುತ್ತಿತ್ತು. ಮೂರನ್ನು ಒಟ್ಟಿಗೆ ಕೊಟ್ಟರೆ ಮೂರನ್ನೂ ಒಮ್ಮೆಗೇ ದಾಟುವುದು ಅಸಾಧ್ಯ ಎಂಬ ತಿಳಿವಳಿಕೆ 1996ರಲ್ಲಿ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೀಳುತ್ತಿದ್ದ ಆ ಚಿಕಿತ್ಸೆಯನ್ನು ಮುಂಬೈನ ಸಿಪ್ಲಾ ಕಂಪನಿ 2001ರಲ್ಲಿ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆಂದಿತು. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಇತ್ತು.

ಈಗ ಕೊಡುವುದು ದಿನಕ್ಕೆ ಒಂದೇ ಗುಳಿಗೆ, ಒಳಗೆ ಮೂರು ಔಷಧ. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಆ ತಲೆಕೆಳಗು ಬರಹವನ್ನು ಅರ್ಧಕ್ಕೇ ತುಂಡರಿಸುತ್ತವೆ. ಡೊಲುಟೆಗ್ರಾವಿರ್ ಇಂಟಿಗ್ರೇಸ್‌ನ ಕೈ ಕಟ್ಟಿ ಹೊಸ ಕೋಶಗಳ ಪಹಣಿಗೆ ಹೆಸರು ಹತ್ತದಂತೆ ನೋಡಿಕೊಳ್ಳುತ್ತದೆ. ಹಳೆಯ ನಮೂದು ಮಾತ್ರ ಅಳಿಸುವುದಿಲ್ಲ. ಸುಮ್ಮನಿರುವ ಕೆಲವು ಕೋಶಗಳಲ್ಲಿ ಅದು ಉಳಿದೇ ಇರುತ್ತದೆ, ಗುಳಿಗೆ ಬಿಟ್ಟರೆ ವಾರಗಳಲ್ಲಿ ಮತ್ತೆ ತಲೆ ಎತ್ತುತ್ತದೆ. ಇದಕ್ಕೇ ಜೀವನಪರ್ಯಂತ ಗುಳಿಗೆ. ಪೂರ್ತಿ ವಾಸಿಯಾದವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಬರ್ಲಿನ್ನಿನಲ್ಲಿ ಚಿಕಿತ್ಸೆ ಪಡೆದ ಟಿಮೊಥಿ ರೇ ಬ್ರೌನ್ ಅವರಲ್ಲಿ ಮೊದಲಿಗರು. ರಕ್ತದ ಕ್ಯಾನ್ಸರಿಗಾಗಿ, ಸಿಸಿಆರ್5 ಪ್ರೋಟೀನ್ ಹುಟ್ಟಿನಿಂದಲೇ ಇಲ್ಲದ ದಾನಿಯ ಆಕರಕೋಶಗಳನ್ನು ಅವರಿಗೆ ಹಾಕಿದ್ದರು. ಪ್ರಾಣಾಪಾಯದ ಆ ದಾರಿ ಎಲ್ಲರಿಗೂ ಆಗುವಂಥದ್ದಲ್ಲ. ‘ಮೂರು ತಿಂಗಳಲ್ಲಿ ನೆಗೆಟಿವ್ ಮಾಡಿಕೊಡುತ್ತೇವೆ’ ಎನ್ನುವ ಜಾಹೀರಾತುಗಳಂತೂ ಶುದ್ಧ ಮೋಸ. ಯಾವ ಕಾಯಿಲೆ ವಾಸಿಮಾಡುತ್ತೇವೆಂದು ಔಷಧದವರು ಹೇಳಿಕೊಳ್ಳಬಾರದೋ ಆ ಸರ್ಕಾರಿ ಪಟ್ಟಿಯಲ್ಲಿ, ಅಂದರೆ ಔಷಧ ನಿಯಮಗಳ ‘ಜೆ’ ಷೆಡ್ಯೂಲಿನಲ್ಲಿ, ಏಡ್ಸ್ ಮೊದಲ ಹೆಸರು.

ಗುಳಿಗೆ ತಪ್ಪದೆ ನುಂಗುವವರಲ್ಲಿ ಸಾಮಾನ್ಯವಾಗಿ ಆರು ತಿಂಗಳೊಳಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಅಂಥವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ದಾಟುವುದಿಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ ನೂರಾರು ಯೂರೋಪಿಯನ್ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ 2016 ಮತ್ತು 2019ರಲ್ಲಿ ಪ್ರಕಟವಾದ ಪಾರ್ಟ್ನರ್ ಅಧ್ಯಯನಗಳಲ್ಲಿ ಹೀಗೆ ದಾಟಿದ ಒಂದು ಪ್ರಕರಣವೂ ಸಿಗಲಿಲ್ಲ. ತಾಯಿಯಿಂದ ಮಗುವಿಗೆ ಬರುವ ಸಂಭವ ಚಿಕಿತ್ಸೆ ಇಲ್ಲದಿದ್ದರೆ ಶೇ 15ರಿಂದ 45; ತಾಯಿ ಬೇಗನೆ ಗುಳಿಗೆ ಶುರುಮಾಡಿ, ಹುಟ್ಟಿದ ಕೂಸಿಗೂ ಔಷಧ ಹಾಕಿದರೆ ಶೇ 5ಕ್ಕಿಂತ ಕಡಿಮೆ. ತಾಯಿಯ ಪ್ರತಿಕಾಯಗಳು ಮಗುವಿನಲ್ಲಿ ಬಹಳ ತಿಂಗಳು ಉಳಿಯುವುದರಿಂದ ಕೊನೆಯ ತೀರ್ಮಾನ ಹದಿನೆಂಟನೇ ತಿಂಗಳಿಗೆ. ಬಸುರಿಗೆ ತಾಯಿ ಕಾರ್ಡ್ ಮಾಡಿಸುವಾಗಲೇ ಆಶಾ ಕಾರ್ಯಕರ್ತೆ ಈ ಪರೀಕ್ಷೆಗೆ ಒತ್ತಾಯಿಸುವುದು ಅದಕ್ಕೆ.

ಸೊಳ್ಳೆಯಿಂದ ಬರುತ್ತದೆಯೇ ಎಂಬ ಪ್ರಶ್ನೆ ಎಲ್ಲಿ ಹೋದರೂ ತಪ್ಪುವುದಿಲ್ಲ. ಬರುವುದಿಲ್ಲ. ಸೊಳ್ಳೆ ಕಚ್ಚಿದಾಗ ನಮ್ಮೊಳಗೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಹೀರಿದ ರಕ್ತವನ್ನಲ್ಲ. ಅದರ ಹೊಟ್ಟೆ ಸೇರಿದ ಎಚ್‌ಐವಿ ಅಲ್ಲೇ ಜೀರ್ಣವಾಗುತ್ತದೆ. ತಟ್ಟೆ, ಲೋಟ, ಶೌಚಾಲಯ, ಕೈಕುಲುಕುವುದು, ಮಗುವನ್ನು ಎತ್ತಿಕೊಳ್ಳುವುದು, ಯಾವುದರಿಂದಲೂ ಇಲ್ಲ.

ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ; ಗುಬ್ಬಿಯಿಂದ 20 ಕಿ.ಮೀ. ಆಸುಪಾಸಿನ ದಾರಿ. ಹಾಗಿದ್ದೂ ಗುರುತಿನವರು ಕಂಡಾರೆಂದು ಬೇರೆ ಜಿಲ್ಲೆಗೆ ಹೋಗಿ ಗುಳಿಗೆ ತರುವವರು ರಾಜ್ಯದ ಎಲ್ಲ ಕಡೆ ಇದ್ದಾರೆ. ದೂರ ಹೆಚ್ಚಿದಷ್ಟೂ ಗುಳಿಗೆ ತಪ್ಪುವ ಸಂಭವ ಹೆಚ್ಚು. ತಪ್ಪಿದ ಗುಳಿಗೆ ವೈರಸ್‌ಗೆ ಸಿಕ್ಕ ಅವಕಾಶ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ, ಸೋಂಕಿನ ನೆಪದಲ್ಲಿ ಕೆಲಸದಿಂದ, ಶಾಲೆಯಿಂದ, ಬಾಡಿಗೆ ಮನೆಯಿಂದ ಹೊರಹಾಕುವಂತಿಲ್ಲ. ಪರೀಕ್ಷೆ ಎಲ್ಲಿ, ಗುಳಿಗೆ ಎಲ್ಲಿ, ಯಾರನ್ನು ಕೇಳಬೇಕು ಎಂಬ ಗೊಂದಲ ಇದ್ದರೆ 1097ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ದುಡ್ಡು ಬೀಳುವುದಿಲ್ಲ.