ರಕ್ತ ಒಪ್ಪಿಸಿದ ಲೆಕ್ಕ

ಮೈಗೆಲ್ಲ ಒಮ್ಮೆಗೇ 4 ಗ್ರೇ ವಿಕಿರಣ ತಗುಲಿ, ಚಿಕಿತ್ಸೆ ಸಿಗದೆ ಹೋದರೆ ಇಬ್ಬರಲ್ಲಿ ಒಬ್ಬರು ಉಳಿಯುವುದು ಕಷ್ಟ. ಒಂದು ಗ್ರೇ ಎಂದರೆ ಕಿಲೋ ತೂಕಕ್ಕೆ ಒಂದು ಜೂಲ್; 70 ಕಿಲೋ ತೂಕದ ಮನುಷ್ಯನಿಗೆ ಇದರಿಂದ ಸೇರುವ ಶಕ್ತಿ 280 ಜೂಲ್. 60 ಡಿಗ್ರಿ ಬಿಸಿಯ ಕಾಫಿ ಅರ್ಧ ಚಮಚಕ್ಕಿಂತ ತುಸು ಹೆಚ್ಚು ಕುಡಿದರೂ ಮೈಗೆ ಸೇರುವುದು ಅಷ್ಟೇ ಶಾಖ! ಈ ಲೆಕ್ಕವನ್ನು ಮೊದಲ ಸಲ ಓದಿದಾಗ ನಂಬಲಾಗದೆ ನಾನೇ ಗುಣಿಸಿ ನೋಡಿದ್ದೆ.

ಕಾಫಿಯ ಬಿಸಿ ಮೈಯೆಲ್ಲ ಹರಡಿ ಆರಿಹೋಗುತ್ತದೆ. ವಿಕಿರಣ ಹಾಗಲ್ಲ, ಅಣುವಿನಷ್ಟು ಜಾಗದಲ್ಲಿ ಕುಕ್ಕಿ ಹೋಗುತ್ತದೆ. ಜೀವಕೋಶದಲ್ಲಿ ಬಹುಪಾಲು ನೀರೇ ಇರುವುದರಿಂದ ಪೆಟ್ಟು ಹೆಚ್ಚಾಗಿ ಬೀಳುವುದು ನೀರಿಗೆ. ಒಡೆದ ನೀರಿನಿಂದ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಕಣ್ಣೆವೆ ಮಿಟುಕಿಸುವುದಕ್ಕೆ ಎಷ್ಟೋ ಮೊದಲೇ ಪಕ್ಕದ ಡಿಎನ್‌ಎಯನ್ನು ಕಚ್ಚಿರುತ್ತದೆ. 1 ಗ್ರೇ ತಗುಲಿದರೆ ಪ್ರತಿ ಕೋಶದ ಡಿಎನ್‌ಎಯಲ್ಲಿ ಸುಮಾರು 1,000 ಕಡೆ ಒಂದೆಳೆ ಕಡಿಯುತ್ತದೆ, ಸುಮಾರು 40 ಕಡೆ ಎರಡೂ ಎಳೆ. ಒಂದೆಳೆಯ ಗಾಯವನ್ನು ಕೋಶ ಎದುರಿನ ಎಳೆ ನೋಡಿಕೊಂಡು ಹೊಲಿದುಬಿಡುತ್ತದೆ. ಎರಡೂ ಕಡಿದಾಗಲೇ ತುದಿಗಳು ಅದಲುಬದಲಾಗಿ ಅಂಟುವುದು.

ಆ ತಪ್ಪು ಅಂಟು ಒಂದು ಊರಿಗೇ ನೆರವಾಯಿತು. 1987ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ, ಪಾಳು ಕಟ್ಟಡದಲ್ಲಿ ಬಿಟ್ಟುಹೋಗಿದ್ದ ಕ್ಯಾನ್ಸರ್ ಚಿಕಿತ್ಸೆಯ ಯಂತ್ರವನ್ನು ಇಬ್ಬರು ಕಳಚಿ ಗುಜರಿಗೆ ಮಾರಿದರು. ಒಳಗಿದ್ದದ್ದು ಸೀಸಿಯಂ-137ರ ಪುಡಿ, ನೂರು ಗ್ರಾಮಿಗೂ ಕಡಿಮೆ. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಅದನ್ನು ಜನ ಮೈಗೆ ಸವರಿಕೊಂಡರು, ನೆಂಟರಿಗೆ ಹಂಚಿದರು. ಗುಜರಿ ಮಾಲೀಕನ ಹೆಂಡತಿ ಅನುಮಾನಪಟ್ಟು, ಅದನ್ನು ಚೀಲದಲ್ಲಿಟ್ಟು ಬಸ್ಸಿನಲ್ಲಿ ಆರೋಗ್ಯ ಕಚೇರಿಗೆ ಒಯ್ಯುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಆಕೆಯಿಂದ ಎಷ್ಟೋ ಜನ ಉಳಿದರು, ಆಕೆ ಉಳಿಯಲಿಲ್ಲ. ಸುಮಾರು 1,12,000 ಜನರನ್ನು ಪರೀಕ್ಷಿಸಿದಾಗ 249 ಮಂದಿಯಲ್ಲಿ ಸೀಸಿಯಂ ಸಿಕ್ಕಿತು. ನಾಲ್ವರು ತೀರಿಕೊಂಡರು.

ಅಳತೆಯ ಬ್ಯಾಡ್ಜ್ ಯಾರ ಅಂಗಿಯ ಮೇಲೂ ಇರಲಿಲ್ಲ. ಯಾರಿಗೆ ಎಷ್ಟು ತಗುಲಿದೆ ಎಂಬುದನ್ನು ರಕ್ತವೇ ಹೇಳಬೇಕಿತ್ತು. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಒಡೆದು ಎರಡಾಗದೆ ಸುಮ್ಮನೆ ಸುತ್ತುತ್ತಿರುವುದರಿಂದ ಅವುಗಳಲ್ಲಿ ಗಾಯದ ಗುರುತು ಬೇಗ ಅಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ಅವನ್ನು ಎಬ್ಬಿಸುವುದು ರಾಜ್ಮಾ ಕಾಳಿನಿಂದ ತೆಗೆದ ಒಂದು ಪ್ರೋಟೀನು. 48 ಗಂಟೆಯ ಹೊತ್ತಿಗೆ ಕಣಗಳು ಇಬ್ಭಾಗವಾಗಲು ಹೊರಡುತ್ತವೆ. ನಡುಹಾದಿಯಲ್ಲೇ ತಡೆಯುವುದು ಕಾಲ್ಚಿಸಿನ್ ಜಾತಿಯ ಮದ್ದು (ನಮ್ಮ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿರುವುದೂ ಈ ಕಾಲ್ಚಿಸಿನ್ ವಿಷವೇ). ಆಮೇಲೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಬೇಕು. ಸರಿಯಾದ ವರ್ಣತಂತುವಿಗೆ ಸೊಂಟ ಒಂದೇ; ತಪ್ಪಾಗಿ ಅಂಟಿಕೊಂಡದ್ದಕ್ಕೆ ಎರಡು. ವಿಕಿರಣ ತಗುಲದವರಲ್ಲಿ ಇಂಥದ್ದು ಸುಮಾರು ಸಾವಿರ ಕೋಶಕ್ಕೆ ಒಂದು. ಅದಕ್ಕಿಂತ ಎಷ್ಟು ಹೆಚ್ಚೆಂದು ಎಣಿಸಿದರೆ ಪ್ರಮಾಣ ಸಿಗುತ್ತದೆ. ಒಬ್ಬೊಬ್ಬರಿಗೆ ನೂರಾರು ಕೋಶ ನೋಡಬೇಕಾದ ಈ ತಾಳ್ಮೆಯ ಕೆಲಸದ ಬಗ್ಗೆ ನನಗೆ ಅಪಾರ ಗೌರವ.

ಎಣಿಕೆಯಲ್ಲಿ ಒಂದು ಅಚ್ಚರಿ ಕಾದಿತ್ತು. ತೀರಿಕೊಂಡ ಆ ಹೆಂಗಸಿಗಿಂತ ಗಂಡನಿಗೇ ಹೆಚ್ಚು ವಿಕಿರಣ ತಗುಲಿತ್ತು. ಆದರೂ ಆತ ಆ ದುರಂತದಿಂದ ಪಾರಾದ. ಆತ ಹೆಚ್ಚು ಹೊತ್ತು ಮನೆಯಿಂದ ಹೊರಗಿರುತ್ತಿದ್ದ, ಹಾಗಾಗಿ ಪೆಟ್ಟು ಕಂತಿನಲ್ಲಿ ಬಿದ್ದಿರಬೇಕು ಎಂದರು ತಜ್ಞರು.

ಕಂತಿನ ನಡುವಿನ ಬಿಡುವಿನ ಬೆಲೆಯನ್ನು ಅಮೆರಿಕದ ಮಾರ್ಟಿಮರ್ ಎಲ್ಕೈಂಡ್ ಮತ್ತು ಹ್ಯಾರಿಯೆಟ್ ಸಟನ್ 1959ರಲ್ಲೇ ತೋರಿಸಿಕೊಟ್ಟಿದ್ದರು. ಹ್ಯಾಮ್‌ಸ್ಟರ್ ಕೋಶಗಳಿಗೆ ಅದೇ ಪ್ರಮಾಣವನ್ನು ಎರಡು ಪಾಲು ಮಾಡಿ, ನಡುವೆ ಕೆಲವು ಗಂಟೆ ಬಿಟ್ಟು ಕೊಟ್ಟಾಗ ಹೆಚ್ಚು ಕೋಶಗಳು ಉಳಿದವು. ತಟ್ಟೆಯಲ್ಲಿ ಕೋಶ ಬಿತ್ತಿ, ಎಷ್ಟು ಬೆಳೆದು ಗುಂಪು ಕಟ್ಟಿದವೆಂದು ಎಣಿಸುವುದು ಅವರ ವಿಧಾನ. ರೈತರು ಬಿತ್ತನೆಗೆ ಮುನ್ನ ಬೀಜದ ಮೊಳಕೆ ಪರೀಕ್ಷಿಸುವ ಹಾಗೆಯೇ.

ನಮ್ಮ ಕಡೆ ಜನ 'ಕರೆಂಟ್ ಕೊಡೋದು' ಎನ್ನುವ ರೇಡಿಯೇಷನ್ ಚಿಕಿತ್ಸೆ ನಿಂತಿರುವುದು ಈ ಬಿಡುವಿನ ಮೇಲೆ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ. ಮರುದಿನದೊಳಗೆ ಒಳ್ಳೆಯ ಕೋಶಗಳು ಚೇತರಿಸಿಕೊಳ್ಳುತ್ತವೆ, ಗಡ್ಡೆಯ ಕೋಶಗಳಿಗೆ ಅದು ಅಷ್ಟು ಚೆನ್ನಾಗಿ ಬರುವುದಿಲ್ಲ. ಆದರೆ ಬಿಡುವು ಉದ್ದವಾದರೆ ಗಡ್ಡೆ ಮತ್ತೆ ಬೆಳೆಯತೊಡಗುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಂತೂ ಇದು ನಿಜ. ಊರಹಬ್ಬ, ಕೊಯ್ಲು, ಬಸ್ಸಿನ ಖರ್ಚು, ಕಾರಣ ಯಾವುದೇ ಇರಲಿ, ದಯವಿಟ್ಟು ಒಂದು ದಿನವೂ ತಪ್ಪಿಸಬೇಡಿ. ತಪ್ಪಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಆ ಕಂತನ್ನು ಸರಿದೂಗಿಸುವ ದಾರಿ ಅವರಿಗೆ ಗೊತ್ತಿದೆ.