ನಾಯಿಯ ಮಾತು ಜಾತಿಗೆ ಹೊರಳಿದಾಗ: ಹವ್ಯಾಸಿ ಬಳಗದ ಜಗಳಕ್ಕೆ ಗೀಗೀ ಮೇಳದ ಮದ್ದು

ಮುಧೋಳ: ಮುಧೋಳ ನಾಯಿಯ ಮರಿಗೆ ಎಷ್ಟನೆಯ ತಿಂಗಳಿನಿಂದ ಓಟ ಕಲಿಸಬೇಕು? ಶ್ವಾನಪ್ರಿಯರ ಬಳಗವೊಂದರಲ್ಲಿ ಇಂಥ ಪ್ರಶ್ನೆ ಬಂದಿತೆಂದು ಭಾವಿಸೋಣ. ಮೊದಲ ಇಬ್ಬರು ಉತ್ತರಿಸುತ್ತಾರೆ. ಮೂರನೆಯವರು ಮರಿ ಶುದ್ಧ ತಳಿಯದೇ ಎಂದು ಕೆಣಕುತ್ತಾರೆ. ನಾಲ್ಕನೆಯವರು ತಳಿಗೆ ಹೆಸರು ತಂದುಕೊಟ್ಟ ಸರ್ಕಾರ ಯಾವುದೆಂದು ಕೇಳುತ್ತಾರೆ. ಅಲ್ಲಿಂದ ಮಾತು ಪಕ್ಷಕ್ಕೆ, ಪಕ್ಷದಿಂದ ಜಾತಿಗೆ ಹೊರಳುತ್ತದೆ. ಕೇಳಿದವರಿಗೆ ಉತ್ತರವೂ ಇಲ್ಲ, ಬಳಗಕ್ಕೆ ನೆಮ್ಮದಿಯೂ ಇಲ್ಲ.

ನಾಯಿ ಸಾಕುವವರಿರಲಿ, ಕುಸ್ತಿಯ ಅಭಿಮಾನಿಗಳಿರಲಿ, ಭಜನಾ ಮೇಳದವರಿರಲಿ, ಈ ತೊಂದರೆ ಯಾರನ್ನೂ ಬಿಟ್ಟಿಲ್ಲ. ಚಹಾದಂಗಡಿಯ ಕಟ್ಟೆಯಿಂದ ಕೈಯಲ್ಲಿರುವ ಮೊಬೈಲ್‌ವರೆಗೆ ಅದರ ರೀತಿ ಒಂದೇ. ಇಂಥ ಬಳಗಗಳ ತಿಳಿವಳಿಕೆ ಬಹುಪಾಲು ಪುಸ್ತಕದಲ್ಲಿಲ್ಲ. ಹಿರಿಯರ ನಾಲಗೆಯ ಮೇಲಿದೆ. ಜಗಳಕ್ಕೆ ಬೇಸತ್ತು ಅವರು ಎದ್ದು ಹೋದರೆ ವಿದ್ಯೆಯೂ ಅವರೊಡನೆ ಹೊರಟುಹೋಗುತ್ತದೆ. ನಷ್ಟವೆಂದರೆ ಅದೇ.

ಯಾವುದು ವಿಷಯಾಂತರ?

ಎಲ್ಲ ವಿಷಯಾಂತರವೂ ಒಂದೇ ಬಗೆಯದಲ್ಲ. ಮೊದಲನೆಯದು, ಹವ್ಯಾಸಕ್ಕೆ ಸಂಬಂಧಿಸಿದ್ದರೂ ಕೇಳಿದ ಪ್ರಶ್ನೆಗೆ ಸಂಬಂಧಿಸದ ಮಾತು. ಈ ತಳಿಯನ್ನು ಕೆನಲ್ ಕ್ಲಬ್ ಆಫ್ ಇಂಡಿಯಾ ‘ಕ್ಯಾರವಾನ್ ಹೌಂಡ್’ ಎಂದು ನೋಂದಾಯಿಸುತ್ತದೆ. ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ‘ಮುಧೋಳ ಹೌಂಡ್’ ಎನ್ನುತ್ತದೆ. 2005ರಲ್ಲಿ ಅಂಚೆ ಇಲಾಖೆ ಹೊರತಂದ ಅಂಚೆಚೀಟಿಯಲ್ಲಿ ಮುಧೋಳದ ಹೆಸರೇ ಇದೆ. ಇದು ಚರ್ಚಿಸತಕ್ಕ ವಿಷಯವೇ ಹೌದು. ಆದರೆ ಮರಿಯ ಓಟದ ಬಗ್ಗೆ ಕೇಳಿದವರಿಗೆ ಅದು ಉತ್ತರವಲ್ಲ.

ಎರಡನೆಯದು, ಹವ್ಯಾಸಕ್ಕೆ ಸಂಬಂಧವೇ ಇಲ್ಲದ ಮಾತು: ಚುನಾವಣೆ, ಧರ್ಮ, ಕ್ರಿಕೆಟ್. ಮೂರನೆಯದು, ವಿಷಯವನ್ನು ಬಿಟ್ಟು ವ್ಯಕ್ತಿಯನ್ನು ಹಿಡಿಯುವ ಮಾತು. ಮೊದಲನೆಯದಕ್ಕೆ ಬೇರೆ ಹೊತ್ತು ಕೊಟ್ಟರೆ ಸಾಕು, ಎರಡನೆಯದನ್ನು ಹೊರಗಿಡಬೇಕು, ಮೂರನೆಯದನ್ನು ಅಲ್ಲಿಯೇ ತಡೆಯಬೇಕು. ಮೂರಕ್ಕೂ ಒಂದೇ ಮದ್ದು ಅರೆಯಲು ಹೋದಾಗ ಬಳಗಗಳು ಒಡೆಯುತ್ತವೆ.

ಹರದೇಶಿ-ನಾಗೇಶಿಯ ಕಟ್ಟುಪಾಡು

ಈ ಸೀಮೆಗೆ ವಾದ ಹೊಸದೇನಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಜಾತ್ರೆಗಳಲ್ಲಿ ಬೆಳತನಕ ನಡೆಯುವ ಹರದೇಶಿ-ನಾಗೇಶಿ ಹಾಡಿಕೆಯೇ ಒಂದು ವಾದ. ಶಿವ ಹಾಗೂ ಪುರುಷ ಹೆಚ್ಚೆಂದು ಹರದೇಶಿ ಮೇಳ ಹಾಡುತ್ತದೆ. ಶಕ್ತಿ ಹಾಗೂ ಸ್ತ್ರೀ ಹೆಚ್ಚೆಂದು ನಾಗೇಶಿ ಮೇಳ ಹಾಡುತ್ತದೆ. ದಪ್ಪು, ತುಂತುಣಿ, ತಾಳಗಳ ಹಿನ್ನೆಲೆಯಲ್ಲಿ ಪುರಾಣಗಳಿಂದ ಆಯ್ದ ಸವಾಲುಗಳು ಹುಟ್ಟುತ್ತವೆ, ಜವಾಬುಗಳು ಬರುತ್ತವೆ. ಇದೇ ಪರಂಪರೆಗೆ ಕಲ್ಗಿ-ತುರಾಯಿ ಎಂಬ ಹೆಸರೂ ಇದೆ.

ಇದರೊಳಗಿನ ಕಟ್ಟುಪಾಡುಗಳನ್ನು ಗಮನಿಸಬೇಕು. ಒಂದು ಮೇಳ ಹಾಡುವಾಗ ಇನ್ನೊಂದು ಕೇಳುತ್ತದೆ. ಎದುರಾಳಿಯ ಸವಾಲಿಗೆ ಮೊದಲು ಜವಾಬು, ಆಮೇಲೆ ತನ್ನ ಸವಾಲು. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಷವೆಂಬುದು ಹಾಡುಗಾರರು ತೊಟ್ಟ ಪಾತ್ರ. ಅವರ ಹುಟ್ಟಲ್ಲ, ಮನೆತನವಲ್ಲ. ಹೀಗಾಗಿ ಸೋತರೂ ಅವಮಾನವಿಲ್ಲ. ಎದುರಿಗೆ ಕುಳಿತ ಜನ ಬಲ್ಲವರಾಗಿರುತ್ತಾರೆ. ಜವಾಬು ಹೊಳೆಯದೆ ಬೇರೆ ಮಾತಿಗೆ ಜಾರಿದವರನ್ನು ಅವರು ಗುರುತಿಸದೆ ಬಿಡುವುದಿಲ್ಲ. ಮೇಳಗಳೂ ಕೆಲವೊಮ್ಮೆ ಕೀಳು ಮೂದಲಿಕೆಗೆ ಇಳಿಯುವುದುಂಟು. ಆದರೆ ಕಲೆಯ ಆಶಯ ಮಾತ್ರ ಶಿವ-ಶಕ್ತಿಯರ ಸಾಮರಸ್ಯವೇ.

ಸದನದಲ್ಲಿಯೂ ಇದೇ ನಿಯಮ

ಸಂಸತ್ತು ಕೂಡ ಈ ತೊಂದರೆಯನ್ನು ಬಲ್ಲದು. ಲೋಕಸಭೆಯ ನಡಾವಳಿ ನಿಯಮ 356ರ ಪ್ರಕಾರ, ಪದೇ ಪದೇ ಅಸಂಬದ್ಧ ಮಾತನಾಡುವ ಅಥವಾ ಹೇಳಿದ್ದನ್ನೇ ಹೇಳುವ ಸದಸ್ಯರಿಗೆ ಭಾಷಣ ನಿಲ್ಲಿಸುವಂತೆ ಸಭಾಧ್ಯಕ್ಷರು ಸೂಚಿಸಬಹುದು. ಅಮೆರಿಕದ ಸೇನಾ ಎಂಜಿನಿಯರ್ ಹೆನ್ರಿ ರಾಬರ್ಟ್ 1876ರಲ್ಲಿ ಪ್ರಕಟಿಸಿದ ಸಭಾನಿಯಮಗಳ ಕೈಪಿಡಿಯನ್ನು ಜಗತ್ತಿನ ಅಸಂಖ್ಯ ಸಂಘ-ಸಂಸ್ಥೆಗಳು ಇಂದಿಗೂ ಅನುಸರಿಸುತ್ತವೆ. ಮಾತು ಎದುರಿಗಿರುವ ವಿಷಯಕ್ಕೆ ಹೊಂದಿರಬೇಕು, ಸದಸ್ಯರ ಉದ್ದೇಶವನ್ನು ಶಂಕಿಸಬಾರದು ಎಂಬುದು ಅದರ ತಿರುಳು.

ಬಳಗ ಏನು ಮಾಡಬಹುದು?

ಜಗಳ ಹತ್ತಿದ ಮೇಲೆ ಮಾಡಿದ ನಿಯಮ ಒಂದು ಕಡೆಯವರಿಗೆ ಶಿಕ್ಷೆಯಂತೆ ಕಾಣುತ್ತದೆ. ಆದ್ದರಿಂದ ನಿಯಮ ಮೊದಲೇ ಇರಬೇಕು, ಎರಡು-ಮೂರು ವಾಕ್ಯ ಮೀರಬಾರದು, ಹಿರಿಯರಿಗೂ ಕಿರಿಯರಿಗೂ ಒಂದೇ ಆಗಿರಬೇಕು. ಮಾತು ದಾರಿ ಬಿಟ್ಟಾಗ ಬೈಯುವ ಬದಲು ಮೂಲ ಪ್ರಶ್ನೆಯನ್ನು ಮತ್ತೊಮ್ಮೆ ಮುಂದಿಡುವುದು ಲೇಸು. ಅದರಿಂದಲೂ ನಿಲ್ಲದಿದ್ದರೆ ಹತ್ತಾರು ಜನರ ಎದುರು ತಿಳಿಹೇಳದೆ, ಬದಿಗೆ ಕರೆದು ಒಬ್ಬರೇ ಮಾತನಾಡಬೇಕು. ನಾಲ್ಕು ಜನರ ಮುಂದೆ ತಗ್ಗುವುದು ಯಾರಿಗೂ ಸುಲಭವಲ್ಲ. ಬಳಗದ ಮುಖ್ಯಸ್ಥರೇ ಒಂದು ಪಕ್ಷ ಹಿಡಿದು ವಾದಕ್ಕಿಳಿದಿದ್ದರೆ, ತಡೆಯುವ ಹೊಣೆಯನ್ನು ಆ ದಿನಕ್ಕೆ ಬೇರೊಬ್ಬರಿಗೆ ಒಪ್ಪಿಸಬೇಕು. ಉತ್ತರ ಕೊಡದಿರುವುದೂ ಒಂದು ಉಪಾಯವೆಂಬುದನ್ನು ಉಳಿದವರು ಮರೆಯಬಾರದು.

ಬಾಯಿ ಮುಚ್ಚಿಸುವುದು ಪರಿಹಾರವಲ್ಲ

ಆದರೆ ದಾರಿ ತಪ್ಪಿದ ಮಾತೆಲ್ಲವೂ ಕಿಡಿಗೇಡಿತನವಲ್ಲ. ರಬಕವಿ-ಬನಹಟ್ಟಿಯ ನೇಕಾರರು ಭಜನೆಯ ನಡುವೆ ನೂಲಿನ ದರದ ಮಾತೆತ್ತಬಹುದು. ಮುಧೋಳ, ಜಮಖಂಡಿಯ ರೈತರು ಕುಸ್ತಿಯ ಕಣದಲ್ಲಿ ಕಬ್ಬಿನ ಬಾಕಿಯ ಬಗ್ಗೆ ಸಿಟ್ಟಾಗಬಹುದು. ಆಲಮಟ್ಟಿ ಹಿನ್ನೀರಿಗೆ ಊರು, ಹೊಲ ಬಿಟ್ಟುಕೊಟ್ಟ ಬೀಳಗಿ ತಾಲೂಕಿನವರಿಗೆ ಪರಿಹಾರದ ಮಾತು ಎಲ್ಲಿ ಕುಳಿತರೂ ನೆನಪಾಗುವುದು ಸಹಜ. ಅಂಥವರಿಗೆ ‘ಇಲ್ಲಿ ಅದು ಬೇಡ’ ಎಂದಷ್ಟೇ ಹೇಳಿದರೆ ಅದು ನೋವಾಗುತ್ತದೆ. ‘ಇದು ಮುಗಿದ ಮೇಲೆ ಅದಕ್ಕೆಂದೇ ಕೂಡೋಣ’ ಎಂದು ಹೇಳಿ, ಹೇಳಿದಂತೆ ಕೂಡಿದರೆ ಬಳಗ ಗಟ್ಟಿಯಾಗುತ್ತದೆ. ಸರದಿ ಬಂದೇ ಬರುತ್ತದೆ ಎಂಬ ನಂಬಿಕೆಯಿಂದಲೇ ಗೀಗೀ ಮೇಳದಲ್ಲಿ ಎದುರಾಳಿ ಸುಮ್ಮನೆ ಕುಳಿತು ಕೇಳುತ್ತಾನೆ. ಆ ನಂಬಿಕೆ ಇಲ್ಲದ ಕಡೆ ಯಾವ ನಿಯಮವೂ ಬಹುಕಾಲ ನಿಲ್ಲುವುದಿಲ್ಲ.